ಹಿತ್ತಲ ಗಿಡ ಮತ್ತು ಹಾವು: ವಾಸನೆಯೋ, ಬುಡವೋ?

ಹಾವು ಬಾರದಿರಲು ಹಿತ್ತಲಲ್ಲಿ ಏನು ನೆಡಬೇಕೆಂದು ತೀರ್ಥಹಳ್ಳಿ ಕಡೆಯ ಯಾವ ಮನೆಯಲ್ಲಿ ಕೇಳಿದರೂ ಉತ್ತರ ಸಿದ್ಧವಿರುತ್ತದೆ: ಮಜ್ಜಿಗೆಹುಲ್ಲು, ಚೆಂಡುಹೂ, ಬೆಳ್ಳುಳ್ಳಿ, ಸರ್ಪಗಂಧ, ಈಶ್ವರಿ ಬೇರು. ತೋಟಗಾರಿಕೆ ಓದುವ ನಾವೂ ಅದನ್ನೇ ಬರೆದುಬಿಡುತ್ತೇವೆ. ಬರೆಯುವ ಮುನ್ನ ಎರಡು ಪ್ರಶ್ನೆಗಳನ್ನು ಬಿಡಿಸಿಕೊಳ್ಳಿ. ಗಿಡದ ವಾಸನೆ ಹಾವನ್ನು ಓಡಿಸುತ್ತದೆಯೇ? ಗಿಡದ ಬುಡ ಹಾವಿಗೆ ಜಾಗ ಕೊಡುತ್ತದೆಯೇ?

ಮೊದಲು ವಾಸನೆ. ಹಾವು ಸೀಳುನಾಲಿಗೆಯಿಂದ ಗಾಳಿಯ ಕಣಗಳನ್ನು ಹಿಡಿದು ಬಾಯಿಯ ಅಂಗುಳದಲ್ಲಿರುವ, ವಾಸನೆ ಗುರುತಿಸುವ ಜೇಕಬ್‌ಸನ್ ಅಂಗಕ್ಕೆ ಮುಟ್ಟಿಸುತ್ತದೆ. ಹಾಗಾಗಿ ಘಾಟು ವಾಸನೆ ಅದಕ್ಕಾಗದು ಎಂಬ ಊಹೆ ಬುಡವಿಲ್ಲದ್ದಲ್ಲ. ಗ್ವಾಮ್ ದ್ವೀಪದ ಕಂದು ಮರಹಾವುಗಳ ಮೇಲೆ ದಾಲ್ಚಿನ್ನಿ ಎಣ್ಣೆಯಂಥವನ್ನು ಸಿಂಪಡಿಸಿ ನೋಡಿದಾಗ ಅವು ದಿಕ್ಕೆಟ್ಟು ಓಡಿದ್ದವು. ಆದರೆ ಅದು ಭಟ್ಟಿಯಿಳಿಸಿದ ಎಣ್ಣೆ, ಹಾವಿನ ಮೈಮೇಲೇ ಬಿದ್ದದ್ದು. ಬದುಕಿರುವ ಗಿಡ ಎಣ್ಣೆಯನ್ನು ಎಲೆಯ ಕೋಶಗಳೊಳಗೆ ಮುಚ್ಚಿಟ್ಟುಕೊಂಡಿರುತ್ತದೆ. ಮಜ್ಜಿಗೆಹುಲ್ಲನ್ನು ಹಿಸುಕಿದರೆ ತಾನೇ ನಮಗೂ ಘಮ ಬರುವುದು? ಪಕ್ಕದಲ್ಲಿ ಹರಿದುಹೋಗುವ ಹಾವಿಗೆ ಅದು ಗೋಡೆಯಾಗುವುದಿಲ್ಲ.

ಚೆಂಡುಹೂವಿನ ಬೇರು ಮಣ್ಣಿನ ಜಂತುಹುಳುಗಳನ್ನು ತಗ್ಗಿಸುತ್ತದೆ, ಅದು ನಿಜ. ಜಂತುಹುಳುವಿನಿಂದ ನಾಗರಹಾವಿಗೆ ಜಿಗಿಯುವುದು ತಪ್ಪು. ಸರ್ಪಗಂಧದ ಬೇರಿನಿಂದ 1952ರಲ್ಲಿ ರಿಸರ್ಪಿನ್ ಬೇರ್ಪಡಿಸಿದರು. ಅದು ರಕ್ತದೊತ್ತಡ ಇಳಿಸುವ ಮದ್ದು, ಹಾವು ಓಡಿಸುವುದಲ್ಲ. ಈಶ್ವರಿ ಬಳ್ಳಿಯನ್ನಂತೂ ನೆಡಿ, ಆದರೆ ಬೇರೆ ಕಾರಣಕ್ಕೆ: ನಮ್ಮ ರಾಜ್ಯದ ಅಧಿಕೃತ ಚಿಟ್ಟೆಯಾದ ಸದರ್ನ್ ಬರ್ಡ್‌ವಿಂಗ್‌ನ ಮರಿಹುಳುಗಳು ಅದರ ಎಲೆ ತಿಂದು ಬೆಳೆಯುತ್ತವೆ. ಹಾವು ಕಚ್ಚಿದವರಿಗೆ ಅದರ ಬೇರು ಅರೆದು ಕುಡಿಸಬೇಡಿ. ಅದರಲ್ಲಿರುವ ಆಮ್ಲ ಮೂತ್ರಪಿಂಡ ಕೆಡಿಸುತ್ತದೆ.

ಇನ್ನು ಬುಡ. ನನಗೆ ಇದು ಅರ್ಥವಾದದ್ದು ನಮ್ಮನೆ ಬಚ್ಚಲ ನೀರು ಹೋಗುವ ದಾರಿಯಲ್ಲಿ. ಹಾವು ಬಾರದಿರಲೆಂದು ಅಲ್ಲಿ ಸಾಲಾಗಿ ಮಜ್ಜಿಗೆಹುಲ್ಲು ನೆಟ್ಟಿದ್ದೆವು. ಮೂರು ವರ್ಷ ಯಾರೂ ಬುಡ ಬಿಡಿಸಲಿಲ್ಲ. ಒಣಗರಿ ಹೆಣೆದುಕೊಂಡು ಚಾಪೆಯಾಗಿತ್ತು. ಕತ್ತಿಯಿಂದ ಸವರಿದಾಗ ಒಳಗೆ ಇಲಿಗೂಡು, ಅದರ ಪಕ್ಕದಲ್ಲೇ ಮಾರುದ್ದದ ಹಾವಿನ ಪೊರೆ! ಕಾವಲಿಗೆ ನೆಟ್ಟ ಹುಲ್ಲೇ ಮನೆ ಕಟ್ಟಿಕೊಟ್ಟಿತ್ತು. ಹಾವಿಗೆ ಬೇಕಾದದ್ದು ಇಲಿ, ಕಪ್ಪೆ, ತಂಪು, ಮರೆ. ನಾಲ್ಕೂ ಅಲ್ಲಿದ್ದವು.

ಆದ್ದರಿಂದ ಹಿತ್ತಲನ್ನು ಹಿಮ್ಮಡಿಯ ಎತ್ತರದಿಂದ ನೋಡಿ. ಪೊದೆ ಕಟ್ಟುವ ಗಿಡಗಳು ಗೋಡೆಯಿಂದ ದೂರವಿರಲಿ. ಗೋಡೆಯ ಸುತ್ತ ಎರಡು ಮೂರು ಅಡಿ ನೆಲ ಬರಿದಾಗಿರಲಿ. ಮಾಡಿಗೆ ತಾಗುವ ಕೊಂಬೆ ಕಡಿಯಿರಿ. ಅಡಿಕೆ ಸಿಪ್ಪೆಯ ರಾಶಿ, ಹಾಳೆ, ಕಟ್ಟಿಗೆ ಒಟ್ಟಿಲು ಬಾಗಿಲ ಬಳಿ ಬೇಡ. ತೋಟಕ್ಕೆ ದರಗು, ಅಂದರೆ ಒಣಎಲೆ, ಹೊದಿಸದೆ ಇರಲಾಗದು, ನಿಜ. ಅದು ತೋಟದಲ್ಲೇ ಇರಲಿ. ಅಲ್ಲಿ ಓಡಾಡುವಾಗ ಬೂಟು ಬೇಕೇ ಬೇಕು, ಏಕೆಂದರೆ ಕೊಳಕುಮಂಡಲ ದರಗಿನ ಬಣ್ಣದಲ್ಲೇ ಕರಗಿ ಮಲಗಿರುತ್ತದೆ. ಕಟ್ಟುಹಾವಿನದು ಬೇರೆ ರೀತಿ. ರಾತ್ರಿ ಒಳಗೇ ಬರುತ್ತದೆ, ಕಚ್ಚಿದರೆ ಹೆಚ್ಚು ನೋವಾಗದು, ಹಾಗಾಗಿ ಕಚ್ಚಿದ್ದೇ ತಿಳಿಯದೆ ಹೋಗಬಹುದು. ನೆಲದ ಮೇಲೆ ಮಲಗುವವರು ಸೊಳ್ಳೆಪರದೆಯ ಅಂಚನ್ನು ಹಾಸಿಗೆಯಡಿ ಸಿಕ್ಕಿಸಲೇಬೇಕು. ಇದಕ್ಕೆ ಬದಲಿಯಾಗುವ ಗಿಡ ಯಾವುದೂ ಇಲ್ಲ.

ಕೇರೆಹಾವನ್ನು ಕೊಲ್ಲಬೇಡಿ, ಇಲಿ ತಗ್ಗಿಸುವುದೇ ಅದು.

ವಿಷದ ಹಾವು ಕಚ್ಚಿದರೆ ಗಾಯ ಕೊಯ್ಯುವುದು, ಬಿಗಿಯಾಗಿ ಕಟ್ಟುವುದು ಬೇಡ. ಅಲುಗಾಡಿಸದೆ ನೇರ ಆಸ್ಪತ್ರೆಗೆ. ನಮ್ಮಲ್ಲಿ ಸಿಗುವ ಪ್ರತಿವಿಷ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರ ವಿಷಕ್ಕೆ ತಯಾರಾದದ್ದು. ಮಲೆನಾಡಿನ ತೋಟಗಳಲ್ಲಿರುವ ಮೂತಿ ಮೇಲೆದ್ದ ಸಣ್ಣ ಗುಳಿಮಂಡಲಕ್ಕೆ ಅದು ನಾಟದು. ಹಾವಿನ ರೂಪ ಕಂಡಿದ್ದರೆ ವೈದ್ಯರಿಗೆ ಹೇಳಿ, ಹಿಡಿಯಲು ಹೋಗಬೇಡಿ.

ನಮ್ಮ ಮಜ್ಜಿಗೆಹುಲ್ಲು ಈಗ ಅಂಗಳದಾಚೆ, ಬಿಸಿಲಿಗಿದೆ. ಕಷಾಯಕ್ಕೆ ಕೊಯ್ಯುವಾಗ ಅಮ್ಮ ಮೊದಲು ಕೋಲಿನಿಂದ ಬುಡ ತಟ್ಟಿ, ಆಮೇಲೆ ಕೈ ಹಾಕುತ್ತಾರೆ.