ಬಾಯಿ ಆಡಿಸಿದಾಗ ಮಿದುಳಿನ ಚಿತ್ರ ತೆಗೆಯುವುದು ಯಾಕೆ ಕಷ್ಟ?

ಎಫ್‌ಎಂಆರ್‌ಐ, ಅಂದರೆ ಮಿದುಳಿನ ಯಾವ ಭಾಗ ಕೆಲಸ ಮಾಡುತ್ತಿದೆ ಎಂದು ತೋರಿಸುವ ಸ್ಕ್ಯಾನ್ ಬಗ್ಗೆ ಪರೀಕ್ಷೆಗೆ ಓದುವಾಗ, ಸ್ಕ್ಯಾನರಿನೊಳಗೆ ಬೆರಳು ತಟ್ಟಿಸುವ ಪ್ರಯೋಗ ಬೇಗ ಅರ್ಥವಾಗುತ್ತದೆ. ತೊಡಕು ಶುರುವಾಗುವುದು ಬಾಯಿಯ ಪ್ರಯೋಗಕ್ಕೆ ಬಂದಾಗ. ಬೆರಳು ತಲೆಯಿಂದ ದೂರ ಇದೆ, ದವಡೆ ತಲೆಗೇ ಅಂಟಿಕೊಂಡಿದೆ. ಬಾಯಿ ತೆರೆದರೆ ತಲೆಯೂ ಚೂರು ಅಲುಗುತ್ತದೆ. ಪಕ್ಕದಲ್ಲಿ ಮೆತ್ತೆ ಇಟ್ಟು ತಲೆ ಹಿಡಿದಿಟ್ಟರೂ ಸಮಸ್ಯೆ ಪೂರ್ತಿ ಹೋಗುವುದಿಲ್ಲ. ನಾಲಿಗೆ, ದವಡೆ ಜಾಗ ಬದಲಿಸಿದಾಗ ಬಾಯೊಳಗಿನ ಗಾಳಿಯ ಜಾಗವೂ ಬದಲಾಗಿ ಸ್ಕ್ಯಾನರಿನ ಕಾಂತಕ್ಷೇತ್ರ ಏರುಪೇರಾಗುತ್ತದೆ. ಆಗ ಚಿತ್ರದಲ್ಲಿ ಕಂಡ ಬದಲಾವಣೆ ಮಿದುಳಿನದೋ ದವಡೆಯದೋ ಗೊತ್ತಾಗುವುದಿಲ್ಲ.

ಇಲ್ಲಿ ಕೈಹಿಡಿಯುವುದು ರಕ್ತದ ನಿಧಾನ. ಎಫ್‌ಎಂಆರ್‌ಐ ನರಕೋಶದ ವಿದ್ಯುತ್ತನ್ನು ನೇರವಾಗಿ ಅಳೆಯುವುದಿಲ್ಲ. ನರಕೋಶಗಳು ಕೆಲಸ ಮಾಡಿದ ಜಾಗಕ್ಕೆ ಆಮ್ಲಜನಕ ತುಂಬಿದ ರಕ್ತ ಜಾಸ್ತಿ ಹರಿಯುತ್ತದೆ, ಅದರಿಂದ ಸಿಗ್ನಲ್ ಏರುತ್ತದೆ. ಜಪಾನಿನ ವಿಜ್ಞಾನಿ ಸೇಜಿ ಒಗಾವಾ 1990ರಲ್ಲಿ ತೋರಿಸಿದ ಬೋಲ್ಡ್ ಪರಿಣಾಮ ಇದೇ. ಈ ಏರಿಕೆ ತುದಿ ಮುಟ್ಟಲು ಸುಮಾರು 5–6 ಸೆಕೆಂಡ್ ಬೇಕು. ಅಲುಗಾಟದ ಗದ್ದಲವೋ ಬಾಯಿ ಆಡಿದ ಕ್ಷಣದಲ್ಲೇ ಬಂದು ಹೋಗುತ್ತದೆ. ಹಾಗಾಗಿ ಒಮ್ಮೆ ತುಟಿ ಮುಂದೆ ಚಾಚಿ ಸುಮ್ಮನಿರಲು ಹೇಳುತ್ತಾರೆ. ಮೊದಲ ಒಂದೆರಡು ಚಿತ್ರಗಳನ್ನು ಬಿಟ್ಟು, ನಂತರದವನ್ನು ನೋಡುತ್ತಾರೆ. 20 ಸೆಕೆಂಡ್ ಬಿಡದೆ ಬಾಯಿ ಆಡಿಸಿದರೆ ಎರಡೂ ಕಲಸಿಹೋಗುತ್ತವೆ. ಪರೀಕ್ಷೆಗೆ ಬೇರೆಲ್ಲ ಮರೆತರೂ ಪರವಾಗಿಲ್ಲ, ಇದೊಂದನ್ನು ಚೆನ್ನಾಗಿ ಅರ್ಥಮಾಡಿಕೊಳ್ಳಿ.

ಬಾಯಿ ಆಡಿಸಿದಾಗ ಚಿತ್ರದಲ್ಲಿ ಕಾಣುವ ಜಾಗಗಳು: ಮೋಟಾರ್ ಕಾರ್ಟೆಕ್ಸ್‌ನ (ಚಲನೆಗೆ ಆದೇಶ ಕೊಡುವ ಮಿದುಳಿನ ಹೊರಪದರ) ಕೆಳಭಾಗ, ಸಪ್ಲಿಮೆಂಟರಿ ಮೋಟಾರ್ ಏರಿಯಾ (ಚಲನೆಯ ಯೋಜನೆಗೆ ನೆರವಾಗುವ ಭಾಗ), ಸೆರೆಬೆಲ್ಲಮ್ (ಕಿರುಮಿದುಳು). ನರಶಸ್ತ್ರಚಿಕಿತ್ಸಕರಾದ ಪೆನ್‌ಫೀಲ್ಡ್ ಮತ್ತು ಬೋಲ್ಡ್ರಿ 1937ರಲ್ಲಿ ಮಿದುಳಿಗೆ ವಿದ್ಯುತ್ ಪ್ರಚೋದನೆ ಕೊಟ್ಟು ಗುರುತಿಸಿದ ಬಾಯಿಯ ಭಾಗವೂ ಮೋಟಾರ್ ಕಾರ್ಟೆಕ್ಸ್‌ನ ಆ ಕೆಳಭಾಗದಲ್ಲೇ ಇದೆ. ಬಲಗೈ ಬೆರಳು ಆಡಿಸಿದರೆ ಮುಖ್ಯವಾಗಿ ಎಡ ಮೋಟಾರ್ ಕಾರ್ಟೆಕ್ಸ್ ಕಾಣುತ್ತದೆ. ಬಾಯಿ ಆಡಿಸಿದರೆ ಎರಡೂ ಕಡೆ ಕಾಣುತ್ತದೆ.

ಮೋಟಾರ್ ಕಾರ್ಟೆಕ್ಸ್‌ನ ಈ ಬಾಯಿಯ ಭಾಗಕ್ಕೆ ಎರಡೂ ಕಡೆ ಪೆಟ್ಟಾದವರಲ್ಲಿ ಫ್ವಾ–ಶವನಿ–ಮರಿ ಸಿಂಡ್ರೋಮ್ ಬರಬಹುದು. ಬಾಯಿ ತೆರೆಯಿರಿ ಅಂದರೆ ತೆರೆಯಲಾಗದವರು ಆಕಳಿಕೆ ಬಂದಾಗ, ನಗು ಬಂದಾಗ ಸಲೀಸಾಗಿ ತೆರೆಯುತ್ತಾರೆ. ಬೇಕೆಂದೇ ಮಾಡುವ ಚಲನೆಗೂ ತಾನಾಗಿ ಆಗುವ ಚಲನೆಗೂ ದಾರಿ ಬೇರೆ ಅನ್ನುವುದಕ್ಕೆ ನನಗೆ ಇದಕ್ಕಿಂತ ಬಲವಾದ ಸಾಕ್ಷಿ ಕಂಡಿಲ್ಲ.

ಹಾಗಂತ ಎರಡು ದಾರಿಗಳೂ ಪೂರ್ತಿ ಬೇರೆಯಲ್ಲ. ಗೊತ್ತಿಲ್ಲದೆ ಎಂಜಲು ನುಂಗಿದಾಗಲೂ ಇದೇ ಕಾರ್ಟೆಕ್ಸ್ ಸ್ವಲ್ಪ ಎಚ್ಚರವಾಗುತ್ತದೆ. ಮಲಗಿ ಸ್ಕ್ಯಾನ್ ಮಾಡಿಸಿಕೊಳ್ಳುವವರು ಆಗಾಗ ನುಂಗುತ್ತಲೇ ಇರುತ್ತಾರೆ. ಅದಕ್ಕೇ ಗಂಟಲಿನ ಮೇಲೆ ಸೆನ್ಸರ್ ಇಟ್ಟು, ನುಂಗಿದ ಕ್ಷಣಗಳನ್ನು ಬೇರೆಯಾಗಿ ಗುರುತು ಹಾಕಿಕೊಳ್ಳುತ್ತಾರೆ.