ಎಳೆದ ಹಿಡಿಕೆ

ಕುಂಬಾರಿಕೆಯಲ್ಲಿ ‘ಎಳೆದ ಹಿಡಿಕೆ’ ಎಂದರೆ ಲಟ್ಟಿಸಿ ಕತ್ತರಿಸಿದ ಪಟ್ಟಿಯಲ್ಲ, ಅಚ್ಚಿನಲ್ಲಿ ಒತ್ತಿ ತೆಗೆದದ್ದೂ ಅಲ್ಲ. ಗಜ್ಜರಿಯ ಆಕಾರದ ಮಣ್ಣಿನ ಮುದ್ದೆಯನ್ನು ಒಂದು ಕೈಯಲ್ಲಿ ಹಿಡಿದು, ಮತ್ತೊಂದು ಕೈಯನ್ನು ಮತ್ತೆ ಮತ್ತೆ ನೀರಿನಲ್ಲಿ ಅದ್ದಿ, ಹಸುವಿನ ಮೊಲೆಯಿಂದ ಹಾಲು ಕರೆಯುವ ರೀತಿಯಲ್ಲಿ ಮೇಲಿನಿಂದ ಕೆಳಕ್ಕೆ ಸವರುತ್ತ ನೀಳವಾಗಿಸಿದ ಹಿಡಿಕೆ ಅದು. ಹೀಗೆ ಸವರುವಾಗ ಜೇಡಿಮಣ್ಣಿನ ಚಪ್ಪಟೆ ಕಣಗಳು ಉದ್ದಕ್ಕೂ ಒಂದೇ ದಿಕ್ಕಿಗೆ ಒರಗುವುದರಿಂದ ಹಿಡಿಕೆ ಬಾಗಿದರೂ ಸುಲಭವಾಗಿ ಬಿರಿಯುವುದಿಲ್ಲ.

ನಮ್ಮ ತಿಗರಿಯ ಬಿಂದಿಗೆ, ಹರವಿಗಳಿಗೆ ಸಾಮಾನ್ಯವಾಗಿ ಹಿಡಿಕೆ ಇರುವುದಿಲ್ಲ. ಕಂಠವೇ ಹಿಡಿ, ಸೊಂಟವೇ ಆಸರೆ. ಎಳೆದ ಹಿಡಿಕೆ ಹೆಚ್ಚಾಗಿ ಬೆಳೆದದ್ದು ಇಂಗ್ಲೆಂಡಿನಂತಹ ನಾಡುಗಳ ಹೂಜಿಗಳಲ್ಲಿ. ಅಲ್ಲಿನ ಮಧ್ಯಯುಗದ ಹೂಜಿಗಳಲ್ಲಿ ಹಿಡಿಕೆಯ ಬುಡಕ್ಕೆ ಕುಂಬಾರ ಒತ್ತಿದ ಹೆಬ್ಬೆರಳಿನ ಗುರುತು ಇಂದಿಗೂ ಕಾಣುತ್ತದೆ. ಅದು ಅಲಂಕಾರವೂ ಹೌದು, ಬೆಸುಗೆಯೂ ಹೌದು. ೧೯೨೬ರಲ್ಲಿ ಇಂಗ್ಲೆಂಡಿನ ವಿಂಚ್‌ಕೂಂಬ್‌ ಎಂಬ ಊರಿನಲ್ಲಿ ಹಳೆಯ ಕುಂಬಾರಶಾಲೆಯೊಂದನ್ನು ಮತ್ತೆ ತೆರೆದ ಕುಂಬಾರ ಮೈಕೆಲ್ ಕಾರ್ಡ್ಯೂ ಅವರು ಸೇಬಿನ ಮದ್ಯ ತುಂಬುವ ದೊಡ್ಡ ಜಾಡಿಗಳಿಗೆ ಇಂತಹ ಹಿಡಿಕೆಗಳನ್ನು ಕೂಡಿಸುತ್ತಿದ್ದರು.

ಚಹಾ ಬಟ್ಟಲಿನ ಹಿಡಿಕೆಯನ್ನು ಮೊದಲೇ ಎಳೆದಿಟ್ಟು ಆಮೇಲೆ ಅಂಟಿಸಿದರೂ ನಡೆಯುತ್ತದೆ. ದೊಡ್ಡ ಜಾಡಿಗೆ ಹಾಗಲ್ಲ. ಹತ್ತು ಲೀಟರು ನೀರೇ ಹತ್ತು ಕಿಲೋ ತೂಗುತ್ತದೆ, ಜೊತೆಗೆ ಜಾಡಿಯ ತೂಕವೂ ಸೇರುತ್ತದೆ. ಆದ್ದರಿಂದ ಉಗುರು ಒತ್ತಿದರೆ ಗುರುತು ಬೀಳುವ, ಆದರೆ ಆಕಾರ ಕೆಡದ ಹದಕ್ಕೆ ಜಾಡಿ ಬಂದಾಗ, ಅದರ ಮೈಮೇಲೆ ಗೀರು ಹಾಕಿ, ದೋಸೆಹಿಟ್ಟಿನಷ್ಟು ತೆಳುವಾದ ಮಣ್ಣು ಬಳಿದು, ದಪ್ಪನೆಯ ಮೋಟು ತುಂಡೊಂದನ್ನು ಒತ್ತಿ ಕೂಡಿಸಿ, ಒಳಗಿನಿಂದ ಇನ್ನೊಂದು ಕೈಯ ಆಸರೆ ಕೊಟ್ಟು, ಆ ಮೋಟನ್ನೇ ಜಾಡಿಯ ಮೇಲೆಯೇ ಎಳೆಯುತ್ತಾರೆ. ಕಾಂಡದಿಂದ ಕೊಂಬೆ ಒಡೆದಂತೆ ಬುಡ ದಪ್ಪಗೆ, ತುದಿ ಸಪೂರವಾಗಿ ಬರುವುದು ಇದರಿಂದಲೇ. ಬಳಿಕ ತುದಿಯನ್ನು ಬಾಗಿಸಿ ಕೆಳಗೆ ಒತ್ತಿ ನಿಲ್ಲಿಸುತ್ತಾರೆ. ಇಷ್ಟಾದರೂ ತುಂಬಿದ ದೊಡ್ಡ ಜಾಡಿಯನ್ನು ಒಂದೇ ಹಿಡಿಕೆಯಿಂದ ಎತ್ತುವುದು ಸಾಹಸವೇ. ಅದರ ನಿಜವಾದ ಕೆಲಸ ಜಾಡಿಯನ್ನು ಬಗ್ಗಿಸಿ ಸುರಿಯುವುದು, ಆಗ ತಳಕ್ಕೆ ಮತ್ತೊಂದು ಕೈ ಬೇಕೇ ಬೇಕು.

ಕೆಲಸ ಕೆಡುವುದು ಬಹುತೇಕ ಒಣಗುವಾಗ. ಹಸಿಯಾದ ಹಿಡಿಕೆ ಅರೆ ಒಣಗಿದ ಜಾಡಿಗಿಂತ ಹೆಚ್ಚು ಕುಗ್ಗುವುದರಿಂದ ಬೆಸುಗೆಯಲ್ಲಿ ಬಿರುಕು ಬೀಳುತ್ತದೆ. ಎರಡರ ತೇವವೂ ಸಮನಾಗುವವರೆಗೆ ಇಡೀ ಜಾಡಿಯನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿಟ್ಟು, ಅನಂತರವೂ ಹಿಡಿಕೆಯ ಮೇಲೆ ಮಾತ್ರ ಹಾಳೆ ಉಳಿಸಿ, ನಿಧಾನವಾಗಿ ಆರಲು ಬಿಡುತ್ತಾರೆ.