ಏಳು ಹಾಲಿಗೆ ಆರು ಕಲ್ದಾರ್

‘ಸರ್, 1947ರಾಗ ಒಂದು ರೂಪಾಯಿಗೆ ಒಂದು ಡಾಲರ್ ಇತ್ತಂತ, ಖರೇನೇನ್ರಿ?’

ಮೂವತ್ತು ವರ್ಷ ವಿದೇಶಿ ವ್ಯಾಪಾರ, ವಿನಿಮಯ ದರಗಳ ಮೇಲೆ ಸಂಶೋಧನೆ ಮಾಡಿದ ನನಗೆ ಕಲಬುರಗಿಯ ಯಾವ ಮದುವೆಯಲ್ಲಿ ಊಟಕ್ಕೆ ಕೂತರೂ ಈ ಪ್ರಶ್ನೆ ತಪ್ಪಿಲ್ಲ. ಖರೆ ಅಲ್ಲ. ಆಗ ರೂಪಾಯಿಯ ಬೆಲೆ ಪೌಂಡಿನ ಲೆಕ್ಕದಲ್ಲಿ ಗೊತ್ತಾಗಿತ್ತು: ಪೌಂಡಿಗೆ 13 ರೂಪಾಯಿ 5 ಆಣೆ 4 ಪೈ. ಡಾಲರಿಗೆ ಸುಮಾರು 3.30. ಅದು 1949ರಲ್ಲಿ 4.76 ಆಯಿತು, 1966ರ ಜೂನ್‌ನಲ್ಲಿ 7.50.

ಇನ್ನೂ ಒಂದು ಮಾತು, ರೂಪಾಯಿ ಇಳಿದಷ್ಟು ನಾವು ಬಡವರಾದೆವು ಎನ್ನುವವರಿಗೆ. ಆ ಆಗಸ್ಟಿನಲ್ಲಿ ನಮ್ಮೂರ ವ್ಯವಹಾರ ಆ ರೂಪಾಯಿಯಲ್ಲಿ ಇರಲೇ ಇಲ್ಲ. ನಿಜಾಮರ ಹಾಲಿ ಸಿಕ್ಕಾದಲ್ಲಿತ್ತು. ಏಳು ಹಾಲಿಗೆ ಆರು ಕಲ್ದಾರ್, ಅಂದರೆ ಬ್ರಿಟಿಷ್ ಇಂಡಿಯಾದ ಆರು ರೂಪಾಯಿ. ಸೊಲ್ಲಾಪುರದಲ್ಲಿ ಆರು ಕಲ್ದಾರಿಗೆ ಸಿಗುವ ಜೋಳ ಇಲ್ಲಿ ಏಳು ಹಾಲಿಗೆ ಸಿಕ್ಕರೆ, ಕೂಲಿಯೂ ಅದೇ ಪ್ರಮಾಣದಲ್ಲಿ ಹಾಲಿಯಲ್ಲೇ ಸಿಕ್ಕರೆ, ಯಾರು ಬಡವರಾದರು? ಯಾರೂ ಅಲ್ಲ. ಜಪಾನಿನಲ್ಲಿ 1949ರಿಂದ 1971ರವರೆಗೆ ಡಾಲರಿಗೆ 360 ಯೆನ್ ಇತ್ತು. ಆ ದೇಶ ಎದ್ದು ನಿಂತದ್ದು ಅದೇ ವರ್ಷಗಳಲ್ಲಿ. ಡಾಲರಿಗೆ ಎಷ್ಟು ಎಂಬ ಅಂಕಿಯಿಂದ ಬಡತನ ಅಳೆಯಲು ಬರುವುದಿಲ್ಲ. ತರಗತಿಯಲ್ಲಿ ಇದನ್ನು ಎಷ್ಟು ಸಲ ಹೇಳಿದ್ದೇನೋ, ಮತ್ತೆ ಹೇಳುತ್ತೇನೆ: ದರ ಎಷ್ಟು ಬದಲಾಯಿತು, ಅಷ್ಟರಲ್ಲಿ ಇಲ್ಲಿನ ಬೆಲೆ ಎಷ್ಟು ಏರಿತು, ಅಲ್ಲಿನದು ಎಷ್ಟು ಏರಿತು, ಈ ಮೂರನ್ನೂ ಒಟ್ಟಿಗೆ ನೋಡಬೇಕು.

ನಮ್ಮ ತೊಗರಿಯನ್ನೇ ತೊಗೊಳ್ಳಿ. ಹೊರಗಿನ ಮಾಲು ಟನ್ನಿಗೆ 800 ಡಾಲರ್ ಎಂದಿಟ್ಟುಕೊಳ್ಳಿ. ಡಾಲರಿಗೆ 80 ರೂಪಾಯಿ ಇದ್ದರೆ ಕ್ವಿಂಟಲ್ 6,400 ಬೀಳುತ್ತದೆ. 88 ಆದರೆ 7,040. ಅಲ್ಲಿಯವರು ಒಂದು ಸೆಂಟೂ ಏರಿಸಿಲ್ಲ. ಬಂದರಿನಲ್ಲಿ ಮಾಲು ತುಟ್ಟಿಯಾದಷ್ಟು ಗಂಜಿನಲ್ಲಿ, ಅಂದರೆ ಇಲ್ಲಿನ ದವಸದ ಮಾರುಕಟ್ಟೆಯಲ್ಲಿ, ನಮ್ಮ ರೈತನಿಗೆ ಆಸರೆ. ಆದರೆ ಅದೇ ಏರಿಕೆ ಡೀಸೆಲ್, ಡಿಎಪಿ ಗೊಬ್ಬರದ ಖರ್ಚನ್ನೂ ಮೇಲಕ್ಕೆ ಒತ್ತುತ್ತದೆ. ಅದಕ್ಕಿಂತ ಮುಖ್ಯ, ಮಳೆ ಮತ್ತು ಸರ್ಕಾರದ ಆಮದು ನೀತಿ ಈ ಲೆಕ್ಕವನ್ನೆಲ್ಲ ಒಂದೇ ವಾರದಲ್ಲಿ ತಲೆಕೆಳಗು ಮಾಡಬಲ್ಲವು. ಹಾಗಾಗಿ ಡಾಲರ್ ನೋಡಿ ಮಾಲು ಹಿಡಿದಿಡಿ ಎಂದು ನಾನು ಯಾರಿಗೂ ಹೇಳಲಾರೆ.

ಹೋದ ಸಲ ಆಳಂದ ಕಡೆಯ ಒಬ್ಬ ಹಿರಿಯರು ಇಷ್ಟನ್ನೂ ಸುಮ್ಮನೆ ಕೇಳಿದರು. ಕೈ ತೊಳೆದು ಬಂದು, ‘ಹಂಗಾದ್ರ ಬರ್ಮಾ ತೊಗರಿ ಯಾವಾಗ ಬಂದು ಬೀಳ್ತದ್ರಿ?’ ಎಂದರು. ನನಗಾದ ಸಂತೋಷ ಹೇಳತೀರದು. ಅವರನ್ನು ಪಕ್ಕದಲ್ಲಿ ಕೂಡಿಸಿಕೊಂಡು, ಅಲ್ಲಿನ ಕೊಯ್ಲು ನಮ್ಮ ರಾಶಿಯ ಬೆನ್ನಿಗೇ ಬರುತ್ತದೆ, ಆಫ್ರಿಕಾದ್ದು ಮಳೆಗಾಲದ ಕೊನೆಗೆ ಬರುತ್ತದೆ ಎಂದು ಎಲೆ ಅಡಿಕೆ ಮುಗಿಯುವವರೆಗೆ ವಿವರಿಸಿದೆ.